59ನೇ ಕಾಲಮ್ಮಿನ ಅವ್ವ

ಸಾವಿರ ಯೂರೋ ಜಗತ್ತಿನಲ್ಲಿ ಎಲ್ಲಿಯೂ ಇಲ್ಲದೆ, ಹಾಗಂತ ಕಳೆದೂ ಹೋಗದೆ ಇರಬಲ್ಲವು. ಇದನ್ನು ನನಗೆ ತಿಳಿಸಿಕೊಟ್ಟವರು ವೇದಾಂತಿಗಳಲ್ಲ, ಬ್ಯಾಂಕಿನವರು. ಸ್ಟುಟ್‌ಗಾರ್ಟಿನ ಬ್ಯಾಂಕು ‘ನಾವು ಕಳಿಸಿಯಾಯಿತು’ ಎಂದಿತು. ಧಾರವಾಡದ ಬ್ಯಾಂಕು ‘ನಮಗೆ ಮುಟ್ಟಿಲ್ಲ’ ಎಂದಿತು. ಇಬ್ಬರ ಮಾತಿನಲ್ಲಿಯೂ ಸುಳ್ಳಿರಲಿಲ್ಲ, ಇಬ್ಬರ ದನಿಯಲ್ಲಿಯೂ ಅವಸರವಿರಲಿಲ್ಲ. ನಡುವೆ ಸಿಕ್ಕಿಕೊಂಡದ್ದು ನನ್ನ ಮಗಳ ಮೊದಲ ಪಗಾರ ಮತ್ತು ನನ್ನ ಅವ್ವನ ಕಿವಿ.

ಕಿವಿಯ ವಿಷಯ ಮೊದಲು. ಅವ್ವನಿಗೆ ಎಂಬತ್ತು ದಾಟಿದೆ. ಕೇಳಬಾರದ್ದೆಲ್ಲ ಕೇಳುತ್ತದೆ, ಕೇಳಬೇಕಾದದ್ದು ಕೇಳುವುದಿಲ್ಲ. ಅಡಿಗೆಮನೆಯಲ್ಲಿ ನಾನೂ ಹೆಂಡತಿಯೂ ಪಿಸುಗುಟ್ಟಿದರೆ ಪಡಸಾಲೆಯಿಂದ ಉತ್ತರ ಬರುತ್ತದೆ. ಎದುರಿಗೆ ನಿಂತು ‘ಗುಳಿಗಿ ತಗೊಂಡ್ಯಾ?’ ಎಂದು ಕೂಗಿದರೆ ‘ಯಾರು ಬಂದಾರ?’ ಎನ್ನುತ್ತಾಳೆ. ರವಿವಾರಕ್ಕೊಮ್ಮೆ ಮೊಮ್ಮಗಳು ವಿಡಿಯೋದಲ್ಲಿ ಬಂದಾಗ ಇಬ್ಬರೂ ಕೈ ಬೀಸುತ್ತಾರೆ, ನಗುತ್ತಾರೆ, ಮತ್ತೆ ಕೈ ಬೀಸುತ್ತಾರೆ. ನಡುವಿನ ಮಾತನ್ನೆಲ್ಲ ನಾನು ಕೂಗಿ ಹೇಳಬೇಕು. ಅಜ್ಜಿ-ಮೊಮ್ಮಗಳ ಗುಟ್ಟುಗಳನ್ನು ಓಣಿಗೆಲ್ಲ ಕೇಳುವಂತೆ ಸಾರುವುದು ಎಷ್ಟು ದಿನ ನಡೆದೀತು? ಅದಕ್ಕೇ ನೌಕರಿ ಸೇರಿದ ತಿಂಗಳೇ ಮಗಳು ‘ಅಜ್ಜಿಗೆ ಕಿವಿ ಮಷೀನ್ ಕೊಡಿಸೂಣು ಅಪ್ಪಾ’ ಎಂದಳು. ನನ್ನ ಖಾತೆಗೆ ಹಾಕು ಎಂದೆ. ‘ಬ್ಯಾಡ. ಅಜ್ಜಿ ರೊಕ್ಕ ಅಜ್ಜಿ ಹೆಸರಿಗೇ ಬರಬೇಕು’ ಎಂದಳು. ಈ ಹಟ ಎಲ್ಲಿಂದ ಬಂತೆಂದು ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಪಡಸಾಲೆಯಲ್ಲಿ ಕೂತಿರುವವಳನ್ನು ನೋಡಿದರೆ ಸಾಕು.

ಧಾರವಾಡಕ್ಕೆ ಜರ್ಮನಿ ಹೊಸದಲ್ಲ. ಬಾಸೆಲ್ ಮಿಶನ್ನಿನ ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಅಲ್ಲಿಂದ ಹಡಗು ಹತ್ತಿ ಬಂದು, ಧಾರವಾಡದಲ್ಲಿಯೂ ಇದ್ದು ಕನ್ನಡ ಕಲಿತು, 1894ರಲ್ಲಿ ನಮ್ಮ ನುಡಿಗೊಂದು ನಿಘಂಟು ಕೊಟ್ಟು, ಕೊನೆಗೆ 1903ರಲ್ಲಿ ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು. ಮಗಳಿರುವ ಊರಿಗೆ ಟ್ಯೂಬಿಂಗನ್ ತೀರ ಹತ್ತಿರ. ಇದನ್ನು ಅವ್ವನಿಗೆ ಹೇಳಿದಾಗ, ‘ಹಂಗಾದ್ರ ಸಾಹೇಬರ ಮಂದಿ ಅಲ್ಲೇ ಇರಬೇಕಲ್ಲ. ಈ ಕಡೆ ಬರೋರು ಯಾರರ ಇದ್ರ ಅವರ ಕೈಯಾಗ ಕೊಟ್ಟು ಕಳಿಸಂತ ಹೇಳು’ ಎಂದಳು. ಆಗ ನಕ್ಕೆ. ಮುಂದೆ, ಬ್ಯಾಂಕಿನ ಬೆಂಚಿನ ಮೇಲೆ ಕೂತಾಗ, ಅದೇ ಸರಿಯಾದ ಹಾದಿಯಾಗಿತ್ತೇನೋ ಅನ್ನಿಸಿದ್ದುಂಟು.

ಜರ್ಮನಿಯ ಫಾರ್ಮು ಮೊದಲು ಕೇಳಿದ್ದು ಐಬಾನ್. ಅಲ್ಲಿ ಪ್ರತಿ ಖಾತೆಗೂ 22 ಅಕ್ಷರ-ಅಂಕಿಗಳ ಐಬಾನ್ ಸಂಖ್ಯೆ ಇರುತ್ತದೆ. ನಮ್ಮ ದೇಶದಲ್ಲಿ ಆ ಪದ್ಧತಿಯೇ ಇಲ್ಲ. ನಮ್ಮಲ್ಲಿರುವುದು ಐ.ಎಫ್.ಎಸ್.ಸಿ.; ಹನ್ನೊಂದು ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ಅದು ಹೊಸ್ತಿಲೊಳಗಿನ ವ್ಯವಹಾರಕ್ಕೆ. ಹೊರದೇಶದಿಂದ ಬರುವ ರೊಕ್ಕಕ್ಕೆ ಸ್ವಿಫ್ಟ್ ಕೋಡು ಬೇಕು. ಅದು ಎಂಟು ಅಕ್ಷರದ್ದಿರಬಹುದು, ಹನ್ನೊಂದರದ್ದೂ ಇರಬಹುದು. ಎರಡೂ ಹನ್ನೊಂದೇ ಆದಾಗ ಯಾವುದನ್ನು ಯಾವ ಚೌಕದಲ್ಲಿ ಬರೆಯಬೇಕೆಂಬುದೇ ಒಂದು ಪರೀಕ್ಷೆ. ನಮ್ಮ ಶಾಖೆಗೆ ಸ್ವಂತದ ಸ್ವಿಫ್ಟ್ ಕೋಡು ಇರಲಿಲ್ಲ. ‘ಮುಂಬೈ ಆಫೀಸಿಂದು ಹಾಕ್ರಿ ಸರ್, ಅಲ್ಲಿಂದ ತಾನ ಬರ್ತದ’ ಎಂದಳು ಕೌಂಟರಿನ ಹುಡುಗಿ. ಮಗಳು ಅಲ್ಲಿ ಕೂತು ಎಲ್ಲ ಚೌಕಗಳನ್ನೂ ತುಂಬಿದಳು. ಹೆಸರಿನ ಚೌಕದಲ್ಲಿ, ತಾನು ಹುಟ್ಟಿದಂದಿನಿಂದ ಕೇಳಿದ ಹೆಸರು: ರುಕ್ಮಿಣಿ. ಆಧಾರ್ ಕಾರ್ಡಿನಲ್ಲಿ, ರೇಷನ್ ಕಾರ್ಡಿನಲ್ಲಿ, ಮತದಾರರ ಯಾದಿಯಲ್ಲಿ ಎಲ್ಲ ಕಡೆ ಇರುವ ಹೆಸರು.

ಮರುದಿನ ಅವ್ವ ಕೇಳಿದಳು. ‘ಬಂತೇನೋ?’

‘ಇಲ್ಲವ್ವಾ. ಹಾದ್ಯಾಗ ಅದ.’

ಅದರ ಮರುದಿನವೂ ಹಾದ್ಯಾಗ ಇತ್ತು. ವಾರ ಕಳೆಯಿತು, ಹಾದಿ ಮುಗಿಯಲಿಲ್ಲ. ‘ಅವರು ಕಳಿಸೇವಿ ಅಂತಾರ, ಇವರು ಬಂದಿಲ್ಲ ಅಂತಾರ’ ಎಂದು ವಿವರಿಸಿದೆ. ಅವ್ವ ಸ್ವಲ್ಪ ಹೊತ್ತು ಯೋಚಿಸಿ, ‘ಹಂಗಂದ್ರ ನಡುವ ಯಾರ ಮನ್ಯಾಗ ಅದ?’ ಎಂದು ಕೇಳಿದಳು. ಆಮೇಲೆ ನಾನು ಓದಿದ ಕಾಗದಗಳಲ್ಲಿ, ಆಡಿದ ಫೋನುಗಳಲ್ಲಿ ಇಷ್ಟು ಚೊಕ್ಕ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಉತ್ತರ ಹುಡುಕಲು ಹೋಗಿ ನನಗೆ ಗೊತ್ತಾದದ್ದು, ರೊಕ್ಕ ಎಲ್ಲಿಗೂ ಹೋಗುವುದೇ ಇಲ್ಲ ಎಂಬುದು. ಸ್ವಿಫ್ಟ್ ಅಂದರೆ ರೊಕ್ಕ ಹೊರುವ ಗಾಡಿಯಲ್ಲ. 1973ರಲ್ಲಿ 15 ದೇಶಗಳ 239 ಬ್ಯಾಂಕುಗಳು ಸೇರಿ ಬೆಲ್ಜಿಯಮ್ಮಿನಲ್ಲಿ ಕಟ್ಟಿಕೊಂಡ ಸಹಕಾರಿ ಸಂಘ ಅದು. ಬ್ರಸೆಲ್ಸಿನ ಮಗ್ಗುಲಿನ ಲಾ ಹುಲ್ಪ್ ಎಂಬ ಊರಲ್ಲಿ ಅದರ ಕಚೇರಿ. 1977ರಿಂದ ಅದು ಮಾಡುತ್ತ ಬಂದಿರುವುದು ಒಂದೇ ಕೆಲಸ, ಒಂದು ಬ್ಯಾಂಕಿನ ಸಂದೇಶವನ್ನು ಇನ್ನೊಂದಕ್ಕೆ ಮುಟ್ಟಿಸುವುದು. ನಮ್ಮ ಬ್ಯಾಂಕು ಫ್ರಾಂಕ್‌ಫರ್ಟಿನ ಒಂದು ದೊಡ್ಡ ಬ್ಯಾಂಕಿನಲ್ಲಿ ಯೂರೋ ಖಾತೆ ಇಟ್ಟುಕೊಂಡಿರುತ್ತದೆ. ಮಗಳ ಬ್ಯಾಂಕು ಸಾವಿರ ಯೂರೋವನ್ನು ಆ ಖಾತೆಗೆ ಸೇರಿಸುತ್ತದೆ. ‘ಸೇರಿಸಿದ್ದೇವೆ, ಅಲ್ಲಿ ಇಂಥವರಿಗೆ ಕೊಡಿ’ ಎಂಬ ಸಂದೇಶ ಮುಂಬೈಗೆ ಬರುತ್ತದೆ. ಮುಂಬೈಯವರು ತಮ್ಮ ಗಲ್ಲಾದಿಂದ ರೂಪಾಯಿ ಎಣಿಸಿ ಅವ್ವನ ಖಾತೆಗೆ ಹಾಕುತ್ತಾರೆ. ಯೂರೋ ಜರ್ಮನಿಯ ಗಡಿ ದಾಟುವುದೇ ಇಲ್ಲ. ಬರುವುದು ಮಾತು.

ನನ್ನ ಅಪ್ಪ ಇದ್ದಿದ್ದರೆ ಇದಕ್ಕೆ ಆಶ್ಚರ್ಯಪಡುತ್ತಿರಲಿಲ್ಲ. ಹುಬ್ಬಳ್ಳಿಯ ಅರಳೆಯ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆದು ಬದುಕು ಸವೆಸಿದವನು ಅವನು. ಹುಂಡಿಯ ಕಥೆಗಳನ್ನು ಹೇಳುತ್ತಿದ್ದ. ಹುಂಡಿಯಲ್ಲಿಯೂ ರೊಕ್ಕ ಚಲಿಸುವುದಿಲ್ಲ, ಚೀಟಿ ಚಲಿಸುತ್ತದೆ. ಚೀಟಿ ಹಾದಿಯಲ್ಲಿ ಕಳೆದರೆ ಎರಡನೆಯ ಪ್ರತಿ ಬರೆಯುತ್ತಿದ್ದರು, ಅದರ ಹೆಸರು ಪೇಠ್. ಅದೂ ಕಳೆದರೆ ಮೂರನೆಯದು, ಪರಪೇಠ್. ಕಳೆಯುವುದು ಇದ್ದದ್ದೇ ಎಂದು ಮೊದಲೇ ಒಪ್ಪಿಕೊಂಡ ಮಂದಿ. ಅದಕ್ಕಿಂತ ಹೆಚ್ಚಿನದು ಶಹಾಜೋಗ ಹುಂಡಿ. ಅದರ ರೊಕ್ಕವನ್ನು ಚೀಟಿ ತಂದ ಯಾರಿಗೋ ಕೊಡುವಂತಿಲ್ಲ. ಪೇಟೆಯಲ್ಲಿ ಮಾನ ಉಳ್ಳ, ನಾಲ್ಕು ಮಂದಿ ಬಲ್ಲ ಒಬ್ಬ ಶಹಾನ ಕೈಗೇ ಕೊಡಬೇಕು. ಕಾಗದ ಏನೇ ಹೇಳಲಿ, ಬಲ್ಲವನೊಬ್ಬ ನಡುವೆ ನಿಂತಿರಬೇಕು.

ನಮ್ಮ ವ್ಯವಹಾರದ ನಡುವೆ ನಿಂತವರು ಯಾರೆಂದು ತಿಳಿಯಲು ಮಗಳು ತನ್ನ ಬ್ಯಾಂಕಿನಿಂದ ಆ ಸಂದೇಶದ ಪ್ರತಿ ಬೇಡಿದಳು. ಹೊರದೇಶದ ರೊಕ್ಕ ತಪ್ಪಿಸಿಕೊಂಡವರು ಮೊದಲು ಕೇಳಬೇಕಾದ ಕಾಗದ ಅದೇ ಅಂತೆ. ಎಂ.ಟಿ. 103 ಎಂದು ಅದರ ಹೆಸರು. (ಆ ನಮೂನೆಗೆ ಈಗ ನಿವೃತ್ತಿಯಾಗಿದೆ. 2025ರ ನವೆಂಬರಿನಿಂದ ಬ್ಯಾಂಕುಗಳು ಐ.ಎಸ್.ಒ. 20022 ಎಂಬ ಬೇರೆ ನಮೂನೆಯಲ್ಲಿ ಮಾತಾಡಿಕೊಳ್ಳುತ್ತಿವೆ.) ಅದರಲ್ಲಿ 36 ಅಕ್ಷರಗಳ ಒಂದು ಗುರುತಿನ ಸಂಖ್ಯೆಯಿತ್ತು, ಅದನ್ನು ಹಿಡಿದರೆ ಸಂದೇಶ ಯಾವ ಬ್ಯಾಂಕಿನವರೆಗೆ ಬಂದು ನಿಂತಿದೆಯೆಂದು ಬ್ಯಾಂಕಿನವರು ನೋಡಬಲ್ಲರು. ಪುಟದ ತುಂಬ ಕಾಲಮ್ಮುಗಳು. 32ರಲ್ಲಿ ತಾರೀಖು ಮತ್ತು ಮೊತ್ತ. 71ರಲ್ಲಿ ಖರ್ಚು ಯಾರದ್ದು ಎಂಬುದು; ನಮ್ಮದರಲ್ಲಿ ‘ಇಬ್ಬರದೂ’ ಎಂದಿತ್ತು, ಅಂದರೆ ಹಾದಿಯಲ್ಲಿ ಕೈ ಹಾಕಿದವರೆಲ್ಲ ಚಿಟಿಕೆ ಚಿಟಿಕೆ ಉದುರಿಸಿಕೊಳ್ಳಬಹುದು. 59ರಲ್ಲಿ ಫಲಾನುಭವಿ. ಅಲ್ಲಿ ಹೆಸರು-ವಿಳಾಸಕ್ಕೆ ನಾಲ್ಕು ಸಾಲು, ಸಾಲಿಗೆ 35 ಅಕ್ಷರ. ಒಬ್ಬ ಮನುಷ್ಯ, ಅವನ ಓಣಿ, ಊರು, ಜಿಲ್ಲೆ, ದೇಶ ಎಲ್ಲ ಅಷ್ಟರಲ್ಲಿ ಮುಗಿಯಬೇಕು.

ನನಗೆ ಹಿಡಿಸಿದ್ದು 70ನೇ ಕಾಲಂ. ಕಳಿಸುವವರು ಎರಡು ಮಾತು ಬರೆಯಲು ಬಿಟ್ಟ ಜಾಗ ಅದು. ಅಲ್ಲಿಯೂ ನಾಲ್ಕೇ ಸಾಲು. ಮಗಳು ಇಂಗ್ಲಿಷ್ ಅಕ್ಷರಗಳಲ್ಲಿ ‘ಅಜ್ಜಿಗೆ’ ಎಂದಷ್ಟೇ ಬರೆದಿದ್ದಳು. ಹಾದಿಯಲ್ಲಿದ್ದ ಯಾವುದೋ ಕಚೇರಿ ಅದನ್ನು ಹಿಡಿದು ನಿಲ್ಲಿಸಿತ್ತು. ನಿರ್ಬಂಧಕ್ಕೊಳಗಾದ ವ್ಯಕ್ತಿಗಳ, ಸಂಸ್ಥೆಗಳ ಯಾದಿಯೊಂದಿಗೆ ಪ್ರತಿ ಹೆಸರನ್ನೂ ತಾಳೆ ನೋಡುವುದು ಬ್ಯಾಂಕುಗಳ ಕರ್ತವ್ಯ. ಅದಕ್ಕಾಗಿ ಮಗಳಿಗೆ ಒಂದು ಪತ್ರ ಬಂತು. ಸಂದೇಶದಲ್ಲಿ ನಮೂದಿಸಿರುವ ‘ಅಜ್ಜಿಗೆ’ ಎಂಬ ಸಂಸ್ಥೆಯ ಪೂರ್ಣ ಹೆಸರು, ನೋಂದಾಯಿತ ವಿಳಾಸ ಮತ್ತು ವ್ಯವಹಾರದ ಸ್ವರೂಪವನ್ನು ತಿಳಿಸತಕ್ಕದ್ದು. ಮಗಳು ಫೋನಿನಲ್ಲಿ ಓದಿ ಹೇಳಿದಾಗ ಅವ್ವನಿಗೆ ಕೂಗಿ ತಿಳಿಸಿದೆ. ‘ವ್ಯವಹಾರ ಏನಂತ ಬರೀಲಿ?’

‘ಸಂಡಿಗಿ ಹಪ್ಪಳ ಅಂತ ಬರಿ’ ಎಂದಳು.

ಮಗಳು ಜರ್ಮನ್ ಭಾಷೆಯಲ್ಲಿ ತಂದೆಯ ತಾಯಿ ಎಂದು ಬರೆದು ಕಳಿಸಿದಳು. ಫ್ರಾಂಕ್‌ಫರ್ಟಿಗೆ ಸಮಾಧಾನವಾಯಿತು. ಸಂದೇಶ ಮುಂಬೈಗೆ ಹೊರಟಿತು. ನಾವು ಕಿವಿ ಮಷೀನಿನ ಅಂಗಡಿಗೆ ಹೋಗಿ ದರ ಕೇಳಿಕೊಂಡು ಬಂದೆವು.

ರೊಕ್ಕ ಬರಲಿಲ್ಲ.

ಮುಂಬೈ ಕಚೇರಿಯ ಫೋನಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅದರ ಸಂಗೀತ ಚೆನ್ನಾಗಿದೆ. ಅವರನ್ನು ಬೈದೂ ಪ್ರಯೋಜನವಿಲ್ಲ. 2022ನೇ ವರ್ಷವೊಂದರಲ್ಲೇ ಹೊರನಾಡಿನ ಮಂದಿ ಈ ದೇಶಕ್ಕೆ ಕಳಿಸಿದ ಹಣ ಹತ್ತು ಸಾವಿರ ಕೋಟಿ ಡಾಲರ್ ದಾಟಿತು. ಅದಕ್ಕೆ ಮೊದಲು ಯಾವ ದೇಶಕ್ಕೂ ವರ್ಷದಲ್ಲಿ ಅಷ್ಟು ಬಂದದ್ದಿಲ್ಲ. ಕೇರಳದ ಮನೆಗಳು, ಪಂಜಾಬಿನ ಟ್ರ್ಯಾಕ್ಟರುಗಳು, ಮಂಗಳೂರಿನ ಮದುವೆಗಳು ಎಲ್ಲ ಹಾಯುವ ಆ ಹೊಳೆಯಲ್ಲಿ ಒಬ್ಬ ಮುದುಕಿಯ ಕಿವಿ ಯಾರ ಕಣ್ಣಿಗೆ ಬೀಳಬೇಕು? ಕಡೆಗೆ ನಮ್ಮ ಶಾಖೆಯ ಮ್ಯಾನೇಜರರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಂಡೆ. ರಿಸರ್ವ್ ಬ್ಯಾಂಕಿನ 2021ರ ಓಂಬುಡ್ಸ್‌ಮನ್ ಯೋಜನೆಯ ಪ್ರಕಾರ, ದೂರಿಗೆ ಬ್ಯಾಂಕು 30 ದಿನದೊಳಗೆ ಉತ್ತರಿಸದಿದ್ದರೆ ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ ಓಂಬುಡ್ಸ್‌ಮನ್ ಬಳಿ ಹೋಗಬಹುದಿತ್ತು. ಫೀ ಇರಲಿಲ್ಲ, ವಕೀಲರೂ ಬೇಕಿರಲಿಲ್ಲ. ಈ ಯೋಜನೆಯ ಹೆಸರನ್ನು ದೂರಿನ ಕೊನೆಯಲ್ಲಿ, ಬೆದರಿಕೆ ಎನ್ನಿಸದಂತೆ ಆದರೆ ಕಾಣದೆಯೂ ಹೋಗದಂತೆ, ಬರೆದೆ. ಮ್ಯಾನೇಜರರು ಸಜ್ಜನರು. ಓದಿ ಮುಗುಳ್ನಕ್ಕು ಚಹಾ ತರಿಸಿದರು. ಮುಂಬೈಯಿಂದ ಉತ್ತರ ಬೇಗನೆ ಬಂತು.

ರೊಕ್ಕ ಅವರ ಬಳಿಯೇ ಇತ್ತು! ಯಾರಿಗೂ ಸೇರದ ಹಣವನ್ನು ಇಡುವ ಒಂದು ಖಾತೆಯಲ್ಲಿ ಅಷ್ಟು ದಿನವೂ ಸುಖವಾಗಿ ಕೂತಿತ್ತು. ಕಾರಣ ಒಂದೇ ಸಾಲಿನದು. 59ನೇ ಕಾಲಮ್ಮಿನ ಹೆಸರೂ ಖಾತೆದಾರರ ಹೆಸರೂ ಹೊಂದುವುದಿಲ್ಲ. ಸಂಖ್ಯೆ ಸರಿಯಿದೆ, ಹೆಸರು ಬೇರೆ.

‘ಖಾತೆ ಯಾರ ಹೆಸರಿನಾಗ ಅದ ಸರ್?’ ಎಂದು ಕೇಳಿದೆ.

ಮ್ಯಾನೇಜರರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ‘ಕೃಷ್ಣಾಬಾಯಿ. ಇವರು ಯಾರ್ರೀ?’

ಕೃಷ್ಣಾ ದಂಡೆಯ ಊರುಗಳಲ್ಲಿ ಹೆಣ್ಣು ಹುಟ್ಟಿದರೆ ನದಿಯ ಹೆಸರೇ ಇಡುವುದು ಹಳೆಯ ವಾಡಿಕೆ. ಬಾಗಲಕೋಟೆ ಕಡೆಯ ಅಂಥ ಒಂದು ಹಳ್ಳಿಯಲ್ಲಿ ಅವ್ವ ಹುಟ್ಟಿದಳು, ಕೃಷ್ಣಾ ಆದಳು. ಹದಿನಾರಕ್ಕೋ ಹದಿನೇಳಕ್ಕೋ ಮದುವೆಯಾಯಿತು. ನಮ್ಮ ಕಡೆ ಮದುವೆಯಲ್ಲಿ ತಾಟಿನ ತುಂಬ ಅಕ್ಕಿ ಹರವಿ, ಮದುಮಗ ಬಂಗಾರದ ಉಂಗುರದಿಂದ ಹೆಂಡತಿಯ ಹೊಸ ಹೆಸರನ್ನು ಬರೆಯುತ್ತಾನೆ. ಅಪ್ಪನ ಹೆಸರು ವಿಠ್ಠಲ. ವಿಠ್ಠಲನ ಮಗ್ಗುಲಿಗೆ ರುಕ್ಮಿಣಿ ಅಲ್ಲದೆ ಇನ್ನಾರು ನಿಂತಾಳು? ಅಂದು ಊಟದ ಹೊತ್ತಿಗೆ ಕೃಷ್ಣಾ ಇರಲಿಲ್ಲ. ಆಮೇಲೆ ಅವಳು ರುಕ್ಮಿಣಿ, ವೈನಿ, ಅವ್ವ, ಅಜ್ಜಿ. ನನ್ನ ಮಾಮಾ ಮಾತ್ರ ‘ಕೃಷ್ಣಕ್ಕ’ ಎನ್ನುತ್ತಿದ್ದ. ಮಾಮಂದಿರಿಗೆ ಏನಾದರೊಂದು ಅಡ್ಡಹೆಸರಿಟ್ಟು ಕರೆಯುವ ಹಕ್ಕು ಇರುತ್ತದೆಂದು ನಾನು ಅದನ್ನು ಅಷ್ಟಕ್ಕೇ ಬಿಟ್ಟಿದ್ದೆ.

ತವರಿನ ಹೊಲದ ಉತಾರ ಮಾತ್ರ ಆ ಹೆಸರನ್ನು ಬಿಟ್ಟಿರಲಿಲ್ಲ. ಅಜ್ಜ ತೀರಿದ ಮೇಲೆ ವಾರಸಾ ಬರೆಯುವಾಗ ತಲಾಠಿ ಕೇಳಿದ್ದಾರೆ, ಮಕ್ಕಳೆಷ್ಟು, ಹೆಸರೇನು. ಊರವರು ತಮಗೆ ಗೊತ್ತಿದ್ದ ಹೆಸರು ಹೇಳಿದ್ದಾರೆ. ಅಷ್ಟರಲ್ಲಿ ಆಲಮಟ್ಟಿಯ ಆಣೆಕಟ್ಟು ಏಳುತ್ತಿತ್ತು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಕೆಲಸ. ನೀರು ಊರ ಅಗಸಿಗೆ ಬರುವಷ್ಟರಲ್ಲಿ ಒಂದು ತಲೆಮಾರೇ ಕಳೆದಿತ್ತು. ಹೊಲ, ಮನೆ, ಹನುಮಪ್ಪನ ಗುಡಿಯ ಕಟ್ಟೆ ಎಲ್ಲ ಮುಳುಗಡೆಯಾದವು. ಉತಾರದಲ್ಲಿದ್ದ ಹೆಸರಿಗೆ ಪರಿಹಾರ ಬಂತು, ಆ ಹೆಸರಿಗೆ ಖಾತೆ ತೆರೆದರು. ನಮ್ಮಲ್ಲಿ ಅದಕ್ಕೆ ಈಗಲೂ ಮುಳುಗಡೆ ರೊಕ್ಕ ಎಂದೇ ಹೆಸರು. ಅವ್ವನಿಗೆ ತನ್ನದು ಎಂದು ಇದ್ದ ಖಾತೆ ಅದೊಂದೇ. ಠೇವಣಿಯ ಬಡ್ಡಿ ತೆಗೆದು ದೀಪಾವಳಿಗೆ ಹೆಣ್ಣುಮಕ್ಕಳಿಗೆ ಕುಬಸ ಕೊಡಿಸುತ್ತಿದ್ದಳು. ಆ ಕಾಲದ ಕ್ಲಾರ್ಕರು ಪಾಸ್‌ಬುಕ್ಕಿನ ಮೂಲೆಯಲ್ಲಿ ಪೆನ್ಸಿಲಿನಿಂದ ‘ರುಕ್ಮಿಣಿ’ ಎಂದು ಬರೆದಿಟ್ಟುಕೊಂಡಿದ್ದರು. ವ್ಯವಹಾರ ನಡೆದೇ ಇತ್ತು. ಪೆನ್ಸಿಲಿನ ಗುರುತು ಕಂಪ್ಯೂಟರಿಗೆ ಹೋಗಲಿಲ್ಲ.

‘ನದಿ ನುಂಗಿದ ಹೊಲದ ರೊಕ್ಕ, ನದಿ ಹೆಸರಿನ ಖಾತೇಕ್ಕ ಬಂತಲ್ಲವ್ವಾ’ ಎಂದೆ ಮನೆಗೆ ಬಂದು.

‘ನಾನೇ ನುಂಗಿ ನಾನೇ ದಂಡ ಇಸಗೊಂಡೆ’ ಎಂದಳು ಅವ್ವ. ಅದು ಆಕೆಗೆ ಸಲೀಸಾಗಿ ಕೇಳಿಸಿತ್ತು.

ಬ್ಯಾಂಕಿನ ಬೇಡಿಕೆ ಎರಡು. ಒಂದು, ಕಳಿಸಿದ ಬ್ಯಾಂಕು ಹೆಸರು ತಿದ್ದಿ ಇನ್ನೊಂದು ಸಂದೇಶ ಕಳಿಸಬೇಕು: ರುಕ್ಮಿಣಿ ಎಂದಿರುವುದನ್ನು ಕೃಷ್ಣಾಬಾಯಿ ಎಂದು ಓದಿಕೊಳ್ಳತಕ್ಕದ್ದು. ಮಗಳು ಅದಕ್ಕೆ ಫೀ ಕಟ್ಟಿದಳು. ಅಪ್ಪ ಅಕ್ಕಿಯ ಮೇಲೆ ಬಿಟ್ಟಿಯಾಗಿ ಬದಲಿಸಿದ ಹೆಸರನ್ನು ವಾಪಸು ತಿರುಗಿಸಲು ಜರ್ಮನಿಯಲ್ಲಿ ಯೂರೋ ಕೊಡಬೇಕಾಯಿತು. ಎರಡು, ಈ ಇಬ್ಬರೂ ಒಬ್ಬರೇ ಎಂಬುದಕ್ಕೆ ಇಲ್ಲಿ ಪುರಾವೆ.

ಪುರಾವೆಯೆಂದರೆ ಏನು? ಅವ್ವ ಕಲಿತ ಸಾಲಿ ನೀರಿನಡಿಯಲ್ಲಿದೆ. ಊರು ಪುನರ್ವಸತಿ ಕೇಂದ್ರಕ್ಕೆ ಎದ್ದು ಹೋಗುವಾಗ ಕಾಗದಪತ್ರಗಳಲ್ಲಿ ಯಾವುದು ಗಾಡಿ ಹತ್ತಿತು, ಯಾವುದು ಉಳಿಯಿತು, ಹೇಳುವವರಿಲ್ಲ. ಮದುವೆಯ ಲಗ್ನಪತ್ರಿಕೆ ಇರಲಿಲ್ಲ. ನೋಟರಿಯವರ ಬಳಿ ಅಫಿಡವಿಟ್ ಮಾಡಿಸಬಹುದು. ‘ಸದರಿ ಎರಡೂ ಹೆಸರುಗಳು ನನ್ನವೇ ಆಗಿದ್ದು, ಇಬ್ಬರೂ ಒಬ್ಬಳೇ ವ್ಯಕ್ತಿ’ ಎಂಬ ಒಕ್ಕಣೆ ಅವರಲ್ಲಿ ಟೈಪಾಗಿಯೇ ಇರುತ್ತದೆ, ಹೆಸರು ತುಂಬಿದರೆ ಆಯಿತು. ಈ ನಾಡಿನಲ್ಲಿ ಎಷ್ಟು ಹೆಣ್ಣುಮಕ್ಕಳು ಇದಕ್ಕೆ ಸಹಿ ಹಾಕಿರಬೇಕೆಂದು ಆ ಸವೆದ ನಮೂನೆಯನ್ನು ನೋಡಿದರೇ ತಿಳಿಯುತ್ತದೆ. ಆದರೆ ಮ್ಯಾನೇಜರರಿಗೆ ಒಂದು ಶಂಕೆ ಉಳಿಯಿತು. ‘ಅವರನ್ನ ಮೊದಲಿಂದ ಬಲ್ಲವರು ಯಾರರ ಅದಾರೇನ್ರಿ?’

ಇದ್ದ. ಬಾಗಲಕೋಟೆಯ ನವನಗರದಲ್ಲಿ, ಮುಳುಗಡೆಯವರಿಗೆಂದು ಕಟ್ಟಿದ ಸೆಕ್ಟರೊಂದರಲ್ಲಿ, ನನ್ನ ಮಾಮಾ. ಅವ್ವನಿಗಿಂತ ಚಿಕ್ಕವನು, ಉಳಿದವನು ಅವನೊಬ್ಬನೇ. ಒಂದು ಕಾಲದಲ್ಲಿ ಮುಂಬೈಯ ಗಿರಣಿಯಲ್ಲಿದ್ದ. ಪ್ರತಿ ಪಂಚಮಿಗೆ ಅಕ್ಕನಿಗೆ ಮನಿಯಾರ್ಡರ್ ಕಳಿಸುತ್ತಿದ್ದ, ಅದೂ ಕೃಷ್ಣಾಬಾಯಿ ಹೆಸರಿಗೆ. ನಮ್ಮ ಓಣಿಯ ಅಂಚೆಯಣ್ಣ ಬಾಗಿಲಲ್ಲಿ ನಿಂತು, ‘ವೈನಿಯವರ, ನಿಮ್ಮ ತಮ್ಮ ಬಂದಾನ’ ಎಂದು ಕೂಗಿ, ರುಕ್ಮಿಣಿಯ ಕೈಯಲ್ಲಿ ಕೃಷ್ಣಾಬಾಯಿಯ ಸಹಿ ಹಾಕಿಸಿಕೊಂಡು ರೊಕ್ಕ ಎಣಿಸಿ ಕೊಡುತ್ತಿದ್ದ. ಕೆಳಗಿನ ತುಂಡು ಕಾಗದದಲ್ಲಿ ಮಾಮಾನ ಎರಡು ಸಾಲು: ‘ಉಂಡಿ ಕಟ್ಟು. ಮುಂದಿನ ವರ್ಷ ಬರ್ತೀನಿ.’ ಬರುತ್ತಿರಲಿಲ್ಲ. 1880ರಲ್ಲಿ ಶುರುವಾದ ಆ ಹಳೆಯ ಮನಿಯಾರ್ಡರ್ ಪದ್ಧತಿಯನ್ನು 2015ರಲ್ಲಿ ಅಂಚೆ ಇಲಾಖೆ ನಿಲ್ಲಿಸಿತು. ಅಂಚೆಯಣ್ಣ ಅದಕ್ಕೂ ಮೊದಲೇ ಹೋದ. ಅವನು ಇದ್ದಿದ್ದರೆ ಅಫಿಡವಿಟ್ಟು ಬೇಕಾಗುತ್ತಿರಲಿಲ್ಲ ಎಂದು ಹೇಳುವುದು ಸುಲಭ. ಅವನ ಮಾತನ್ನು ಮುಂಬೈ ಕಚೇರಿ ಯಾವ ಕಾಲಮ್ಮಿನಲ್ಲಿ ಬರೆದುಕೊಳ್ಳುತ್ತಿತ್ತೋ ಕಾಣೆ.

ಮಾಮಾ ಮೊಮ್ಮಗನ ಕಾರಿನಲ್ಲಿ ಬಂದ. ಧೋತರ, ಕರಿ ಟೊಪ್ಪಿಗೆ, ಕೈಯಲ್ಲೊಂದು ಡಬ್ಬಿ. ‘ಸಾಕ್ಷಿ ಹೇಳಲಿಕ್ಕೆ ಬಂದೀನಿ’ ಎಂದು ಕೌಂಟರಿನಲ್ಲಿ ಸಾರಿ, ಇಡೀ ಬ್ಯಾಂಕು ತಿರುಗಿ ನೋಡುವಂತೆ ಮಾಡಿದ. ನಾವು ಮೂವರೂ ಬೆಂಚಿನ ಮೇಲೆ ಕೂತೆವು. ಒಳಗಿನಿಂದ ಹುಡುಗಿ ‘ರುಕ್ಮಿಣಿಯವರ’ ಎಂದು ಕರೆದಳು. ಅವ್ವನಿಗೆ ಕೇಳಲಿಲ್ಲ. ಇನ್ನೊಮ್ಮೆ ಕರೆದಳು. ಅವ್ವ ಮಾಮಾನ ಡಬ್ಬಿಯೊಳಗೆ ಏನಿದೆಯೆಂದು ವಾಸನೆ ನೋಡುತ್ತಿದ್ದಳು. ಹುಡುಗಿ ಕಾಗದದಲ್ಲಿ ಇನ್ನೊಂದು ಹೆಸರು ನೋಡಿ, ‘ಕೃಷ್ಣಾಬಾಯಿ ಯಾರ್ರೀ?’ ಎಂದಳು.

‘ನಾ ಇದ್ದೀನಿ’ ಎಂದು ಅವ್ವ ಎದ್ದು ನಿಂತಳು.

ಇದನ್ನು ನಾನು ಪವಾಡವೆಂದು ಹೇಳುತ್ತಿಲ್ಲ. ಮೂರನೆಯ ಸಲ ಹುಡುಗಿಯ ದನಿ ಏರಿತ್ತು, ಬಾಗಿಲೂ ಪೂರ್ತಿ ತೆರೆದಿತ್ತು. ನನ್ನ ಹೆಂಡತಿ ಇವತ್ತಿಗೂ ಅದೇ ಕಾರಣವೆಂದು ವಾದಿಸುತ್ತಾಳೆ.

ಮ್ಯಾನೇಜರರ ಎದುರು ಮಾಮಾ ಹೇಳಿದ್ದು ಸಾಕ್ಷ್ಯಕ್ಕಿಂತ ತಪ್ಪೊಪ್ಪಿಗೆಗೆ ಹತ್ತಿರವಿತ್ತು. ಅಕ್ಕನ ಮದುವೆಯಲ್ಲಿ ಅವನಿಗೆ ಹತ್ತು ವರ್ಷ. ಅಕ್ಕಿಯ ಮೇಲೆ ಬೇರೆ ಹೆಸರು ಬರೆದದ್ದನ್ನು ನೋಡಿದ. ನಮ್ಮಕ್ಕನನ್ನು ಬಿಟ್ಟು ಇನ್ಯಾರನ್ನೋ ಲಗ್ನವಾಗುತ್ತಿದ್ದಾರೆಂದು ತಿಳಿದು ಅಂಗೈಯಿಂದ ಇಡೀ ತಾಟನ್ನು ಸವರಿಬಿಟ್ಟ. ಭಟ್ಟರು ಕೂಗಾಡಿದರು, ಅಜ್ಜ ಕಪಾಳಕ್ಕೆ ಬಿಟ್ಟ, ಅಪ್ಪ ಎರಡನೆಯ ಸಲ ಬರೆಯಬೇಕಾಯಿತು. ‘ನೀವು ಈಗ ಯಾವುದನ್ನ ಕೇಳಲಿಕ್ಕೆ ಹತ್ತೀರಲ್ಲ ಸಾಹೇಬರ, ಅದನ್ನ ನಾ ಅವತ್ತೇ ಕೇಳಿದ್ದೆ’ ಎಂದ ಮಾಮಾ. ‘ನನಗೊಂದು ಕಪಾಳಕ್ಕ ಬಿತ್ತು. ನಿಮಗ ಚಹಾ ಕೊಡ್ತಾರ.’

ಅವ್ವನಿಗೆ ಇದೆಲ್ಲ ಎಷ್ಟು ಕೇಳಿಸಿತೋ ಗೊತ್ತಿಲ್ಲ. ಆದರೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಆಮೇಲಿನದು ಬರೀ ಕಾಗದ. ಉದ್ದೇಶ ಏನೆಂದು ಬರೆಯಬೇಕಿತ್ತು. ಕಿವಿಗೆಂದು ಪ್ರತ್ಯೇಕ ಕೋಡಿಲ್ಲ. ಪಿ 1301, ಕುಟುಂಬ ನಿರ್ವಹಣೆ ಮತ್ತು ಉಳಿತಾಯ ಎಂದು ಹಾಕಿಸಿದರು. ಜರ್ಮನಿಯ ತಿದ್ದುಪಡಿ ಮುಂಬೈ ಮುಟ್ಟಿತು. ಒಂದು ಮಧ್ಯಾಹ್ನ ಮೊಬೈಲು ಗುಂಯ್ ಎಂದಿತು. ಸಾವಿರ ಯೂರೋದಲ್ಲಿ ಫ್ರಾಂಕ್‌ಫರ್ಟು ಒಂದಿಷ್ಟು, ಮುಂಬೈ ಒಂದಿಷ್ಟು, ಯೂರೋವನ್ನು ರೂಪಾಯಿ ಮಾಡಿದ್ದಕ್ಕೆ ಜಿ.ಎಸ್.ಟಿ. ಒಂದಿಷ್ಟು ಕಳೆದು ಉಳಿದದ್ದು ಕೃಷ್ಣಾಬಾಯಿಯ ಖಾತೆಗೆ ಜಮಾ ಆಗಿತ್ತು. ರೊಕ್ಕ ಹಾದಿಯಲ್ಲಿದ್ದಷ್ಟು ದಿನ ಯೂರೋದ ದರ ಏರಿತ್ತೆಂದೂ, ಅದರಿಂದ ನಮಗೆ ಲಾಭವೇ ಆಯಿತೆಂದೂ ಮ್ಯಾನೇಜರರು ಲೆಕ್ಕ ಮಾಡಿ ತೋರಿಸಿದರು. ನಾನು ಅವರ ಲೆಕ್ಕ ಪರೀಕ್ಷಿಸಲು ಹೋಗಲಿಲ್ಲ. ಮನುಷ್ಯ ಸಂತೋಷದಲ್ಲಿದ್ದ.

ಅವರೇ ಒಂದು ಫಾರ್ಮು ಕೊಟ್ಟರು. ಅಫಿಡವಿಟ್ಟು ಹೇಗೂ ಆಗಿದೆ, ಖಾತೆಯ ಹೆಸರನ್ನು ಆಧಾರಿನಂತೆ ರುಕ್ಮಿಣಿ ಎಂದು ಮಾಡಿಸಿಬಿಡಿ, ಮುಂದೆ ತಕರಾರಿಲ್ಲ. ಮಾತು ಸರಿಯಾಗಿಯೇ ಇತ್ತು. ಅವ್ವನ ಮುಂದೆ ಇಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಮಡಚಿ, ಪಂಚಾಂಗದೊಳಗೆ ಇಟ್ಟಳು. ಪಂಚಾಂಗದೊಳಗೆ ಹೋದ ಕಾಗದ ನಮ್ಮ ಮನೆಯಲ್ಲಿ ಯುಗಾದಿಗೆ ಹೊಸ ಪಂಚಾಂಗ ಬಂದಾಗಲೇ ಹೊರಗೆ ಬರುವುದು. ಇದು ಆಗಲೂ ಬರಲಿಲ್ಲ.

ಕಿವಿ ಮಷೀನು ಬಂತು. ಮೊದಲ ರವಿವಾರ ಅಜ್ಜಿ-ಮೊಮ್ಮಗಳು ತಾಸುಗಟ್ಟಲೆ ಮಾತಾಡಿದರು, ನನ್ನನ್ನು ಹೊರಗೆ ಹೋಗು ಎಂದರು. ಎರಡನೆಯ ವಾರದಿಂದ ಅವ್ವ ಉಳಿದ ದಿನಗಳಲ್ಲಿ ಅದನ್ನು ತೆಗೆದಿಡತೊಡಗಿದಳು. ಮಿಕ್ಸರಿನ ಸಪ್ಪಳ, ಎದುರಿನ ಮನೆಯ ಟಿವಿ, ನನ್ನ ಗೊರಕೆ ಎಲ್ಲ ಕೇಳುತ್ತದಂತೆ.

ಮುಂದಿನ ದೀಪಾವಳಿಗೆ ಮಗಳು ಮತ್ತೆ ಕಳಿಸಿದಳು. 59ನೇ ಕಾಲಮ್ಮಿನಲ್ಲಿ ಕೃಷ್ಣಾಬಾಯಿ. 70ರಲ್ಲಿ, ಯಾರೂ ಸಂಸ್ಥೆಯೆಂದು ತಿಳಿಯದಿರಲೆಂದು, ಏನೂ ಇಲ್ಲ. ಸೋಮವಾರ ಕಳಿಸಿದ್ದು ಬುಧವಾರ ಬೆಳಿಗ್ಗೆ ಬಂದುಬಿಟ್ಟಿತು. ಯಾರ ಫೋನೂ ಇಲ್ಲ, ಪತ್ರವೂ ಇಲ್ಲ.

‘ಅವ್ವಾ, ರೊಕ್ಕ ಬಂತು.’

‘ಇಷ್ಟ ಲಗೂನ?’ ಅವ್ವನ ಹುಬ್ಬು ಏರಿತು. ‘ಏನರೆ ತಪ್ಪು ಆಗಿರಬೇಕು ನೋಡು. ಬ್ಯಾಂಕಿಗೆ ಹೋಗಿ ಕೇಳಿಬರೂದು ಛಲೋ.’

ಏನೂ ತಪ್ಪಾಗಿಲ್ಲ, ಹೋಗುವ ಅಗತ್ಯವೇ ಇಲ್ಲ ಎಂದು ಮೊಬೈಲು ತೋರಿಸಿ ಹೇಳಿದೆ. ಮಷೀನು ಹಾಕಿಕೊಂಡಿರಲಿಲ್ಲ, ಹಾಗಾಗಿ ಕೇಳಿಸಲಿಲ್ಲ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಇಳಕಲ್ ಸೀರೆ ಉಟ್ಟು, ಪಾಸ್‌ಬುಕ್ಕು ಹಿಡಿದು, ರಿಕ್ಷಾದವನೊಂದಿಗೆ ಬಾಗಿಲಲ್ಲಿ ದರ ಚೌಕಾಶಿ ಮಾಡುತ್ತಿದ್ದಳು.